ಕ್ಲೋರಿನ್ ಡ್ರಮ್ಮಿನಿಂದ ಹೊಗೆ ಬಂದರೆ ನೀರು ಹಾಕಬೇಕಾ, ಮರಳು ಹಾಕಬೇಕಾ?

ಪ್ರಶ್ನೆ: ನಾನು ಬೆಂಗಳೂರಿನ ಹೊರವಲಯದ ಒಂದು ಅಪಾರ್ಟ್‌ಮೆಂಟಿನ ಅಸೋಸಿಯೇಷನ್ ಕಾರ್ಯದರ್ಶಿ. ಹೋದ ತಿಂಗಳು ಸ್ವಿಮ್ಮಿಂಗ್ ಪೂಲಿನ ಪಂಪ್ ರೂಮಿನಲ್ಲಿ ಕ್ಲೋರಿನ್ ಡ್ರಮ್ಮಿನಿಂದ ಹೊಗೆ ಎದ್ದಿತು. ಪೂಲ್ ನೋಡಿಕೊಳ್ಳುವ ಹುಡುಗ ಹಳೇ ಡ್ರಮ್ಮಿನಲ್ಲಿ ಉಳಿದಿದ್ದ ಪುಡಿಯನ್ನು ಹೊಸ ಡ್ರಮ್ಮಿಗೆ ಸುರಿದಿದ್ದನಂತೆ. ಮಗ್ಗು ಒದ್ದೆ ಇತ್ತಂತೆ. ಸೆಕ್ಯುರಿಟಿಯವರು ಗೋಡೆಯ ಮೇಲಿದ್ದ ಕೆಂಪು ಸಿಲಿಂಡರ್ ತಂದು ಪುಡಿ ಹೊಡೆದರು. ಹೊಗೆ ಕಡಿಮೆಯಾಗುವ ಬದಲು ಜಾಸ್ತಿಯಾಯಿತು, ಪಟಪಟ ಅಂತ ಸದ್ದು ಬಂತು. ಎಲ್ಲರೂ ಹೊರಗೆ ಓಡಿದರು. ಇಬ್ಬರಿಗೆ ಕೆಮ್ಮು ಬಂತು, ಪುಣ್ಯಕ್ಕೆ ಅಷ್ಟಕ್ಕೇ ಮುಗಿಯಿತು. ಫೈರ್ ಎಂಜಿನ್‌ನವರು ಬಂದು ದೂರದಿಂದಲೇ ಜೋರಾಗಿ ನೀರು ಹೊಡೆದು ಆರಿಸಿದರು. ಈಗ ಕಮಿಟಿಯಲ್ಲಿ ವಾದ ನಡೆಯುತ್ತಿದೆ. ಡ್ರಮ್ಮಿನ ಮೇಲೆ ‘ನೀರು ತಾಗಿಸಬೇಡಿ’ ಎಂದಿದೆ, ಹಾಗಾಗಿ ನೀರು ಹೊಡೆದದ್ದೇ ತಪ್ಪು ಎನ್ನುವುದು ಒಬ್ಬರ ಮಾತು. ಮರಳು ಸುರಿಯಬೇಕಿತ್ತು ಎಂದು ಇನ್ನೊಬ್ಬರು. ಮುಚ್ಚಳ ಬಿಗಿದಿದ್ದರೆ ಸಾಕಿತ್ತು ಎಂದು ಮತ್ತೊಬ್ಬರು. ಯಾರು ಸರಿ? ಇಂಥದ್ದು ಮತ್ತೆ ಆದರೆ ಏನು ಮಾಡಬೇಕು? ಅದೇ ರೂಮಿನಲ್ಲಿ ಇನ್ನೊಂದು ಹಳೇ ಡ್ರಮ್ಮು ಗಟ್ಟಿಯಾಗಿ ಕೂತಿದೆ, ಅದನ್ನೇನು ಮಾಡೋಣ?

ಉತ್ತರ: ಫೈರ್ ಎಂಜಿನ್‌ನವರು ಮಾಡಿದ್ದೇ ಸರಿ. ತುಂಬಾ ನೀರು, ದೂರದಿಂದ, ಉಸಿರಾಟದ ಸಿಲಿಂಡರ್ ಹಾಕಿಕೊಂಡವರ ಕೈಯಿಂದ. ಮುಚ್ಚಳ ಬಿಗಿಯುವುದು ಮೂರರಲ್ಲಿ ಅತ್ಯಂತ ಅಪಾಯದ ಸಲಹೆ. ಮರಳಿನಿಂದ ಉಪಯೋಗವಿಲ್ಲ. ಆದರೆ ನೀರು ಬೇಡ ಅಂದವರನ್ನು ಪೂರ್ತಿ ತಳ್ಳಿಹಾಕಬೇಡಿ. ಅವರ ಮಾತಿನಲ್ಲೂ ಅರ್ಧ ಸತ್ಯ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಆ ಡ್ರಮ್ಮಿನಲ್ಲಿ ಇರುವುದೇನು ಎಂದು ನೋಡೋಣ. ಪೂಲಿಗೆ ಹಾಕುವ ‘ಕ್ಲೋರಿನ್’ ನಿಜವಾಗಿ ಕ್ಲೋರಿನ್ ಅಲ್ಲ, ನೀರಿಗೆ ಬಿದ್ದಾಗ ಕ್ಲೋರಿನ್ ಬಿಡುವ ಪುಡಿ ಅಥವಾ ಮಾತ್ರೆ. ಇಂಥವನ್ನು ಆಕ್ಸಿಡೈಸರ್ ಎನ್ನುತ್ತಾರೆ. ಹೆಚ್ಚಿನ ಆಕ್ಸಿಡೈಸರ್‌ಗಳು ತಾವಾಗಿ ಉರಿಯುವುದಿಲ್ಲ. ಬೆಂಕಿಕಡ್ಡಿ ಗೀರಿ ಹಿಡಿದರೆ ಸೀಮೆಎಣ್ಣೆಯ ಹಾಗೆ ಭಗ್ ಅನ್ನುವುದಿಲ್ಲ. ಅದಕ್ಕೇ ಜನ ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಇವುಗಳ ಕೆಲಸ ಒಲೆಯ ಮುಂದಿನ ಊದುಗೊಳವೆಯದ್ದು. ಪಕ್ಕದಲ್ಲಿ ಉರಿಯುವಂಥದ್ದು ಏನೇ ಇರಲಿ, ಕಾಗದ, ರಟ್ಟು, ಗೋಣಿಚೀಲ, ಎಣ್ಣೆ, ಬಟ್ಟೆ, ಅದಕ್ಕೆ ಆಮ್ಲಜನಕ ಊದಿ ಉರಿಸುತ್ತವೆ. ಸುತ್ತಲಿನ ಗಾಳಿಯಲ್ಲಿ ಆಮ್ಲಜನಕ ಇರುವುದು ಸುಮಾರು 21 ಶೇಕಡಾ. ಆಕ್ಸಿಡೈಸರ್ ಪಕ್ಕದಲ್ಲಿದ್ದರೆ ಬೆಂಕಿ ಆ ಗಾಳಿಯನ್ನು ಕಾಯುತ್ತಾ ಕೂರುವುದಿಲ್ಲ.

ನಮಗೆಲ್ಲ ಕಲಿಸಿಕೊಟ್ಟ ಅಗ್ನಿ ಸುರಕ್ಷತೆ ಇಲ್ಲೇ ಕೈಕೊಡುವುದು. ಬೆಂಕಿ ಬಿದ್ದರೆ ಗಾಳಿ ತಪ್ಪಿಸಿ, ಕಂಬಳಿ ಹೊದಿಸಿ, ಮರಳು ಹಾಕಿ, ಮುಚ್ಚಳ ಮುಚ್ಚಿ. ಬಾಣಲೆಯ ಎಣ್ಣೆಗೆ ಇದೆಲ್ಲ ಸರಿ. ಆಕ್ಸಿಡೈಸರ್ ಬೆಂಕಿಗೆ ಹೊರಗಿನ ಗಾಳಿಯೇ ಬೇಡ. ಮುಚ್ಚಿದರೆ ಶಾಖ ಮತ್ತು ಗ್ಯಾಸು ಒಳಗೇ ಸಿಕ್ಕಿಕೊಳ್ಳುತ್ತವೆ. ಶಾಖ ಹೆಚ್ಚಿದಷ್ಟೂ ಪುಡಿ ಇನ್ನೂ ಬೇಗ ಒಡೆಯುತ್ತದೆ, ಒಡೆದಷ್ಟೂ ಶಾಖ ಹೆಚ್ಚುತ್ತದೆ. ಕೊನೆಗೆ ಡ್ರಮ್ಮು ಸಿಡಿಯುತ್ತದೆ.

ಇದರ ಅತಿ ದೊಡ್ಡ ಪಾಠ 1947ರ ಏಪ್ರಿಲ್ 16ರಂದು ಅಮೆರಿಕದ ಟೆಕ್ಸಸ್ ಸಿಟಿ ಬಂದರಿನಲ್ಲಿ ಸಿಕ್ಕಿತು. ಗ್ರ್ಯಾಂಡ್‌ಕ್ಯಾಂಪ್ ಎಂಬ ಫ್ರೆಂಚ್ ಹಡಗಿನಲ್ಲಿ ಸುಮಾರು 2,300 ಟನ್ ಅಮೋನಿಯಂ ನೈಟ್ರೇಟ್ ಗೊಬ್ಬರ ಇತ್ತು. ಅದೂ ಆಕ್ಸಿಡೈಸರೇ. ಬೆಳಿಗ್ಗೆ ಎಂಟರ ಸುಮಾರಿಗೆ ಹೊಗೆ ಕಾಣಿಸಿತು. ನೀರು ಹೊಡೆದರೆ ಸರಕು ಹಾಳಾಗುತ್ತದೆ ಎಂದು ಕ್ಯಾಪ್ಟನ್ ನೀರು ಬೇಡ ಅಂದರು. ಹಡಗಿನ ಹೊಟ್ಟೆಯ ಬಾಗಿಲುಗಳನ್ನು ಬಿಗಿಯಾಗಿ ಮುಚ್ಚಿಸಿ ಒಳಗೆ ಹಬೆ ಬಿಡಿಸಿದರು. ಬೆಂಕಿಗೆ ಗಾಳಿ ಸಿಗದಿದ್ದರೆ ಆರುತ್ತದೆ ಎಂಬ ಲೆಕ್ಕ. ಬೇರೆ ಸರಕಾಗಿದ್ದರೆ ಆ ಲೆಕ್ಕ ಸರಿಯಾಗುತ್ತಿತ್ತೋ ಏನೋ. ಇಲ್ಲಿ ಹಬೆ ಇನ್ನಷ್ಟು ಬಿಸಿ ಮಾಡಿತು, ಮುಚ್ಚಿದ ಬಾಗಿಲು ಒತ್ತಡ ಕೂಡಿಹಾಕಿತು. 9 ಗಂಟೆ 12 ನಿಮಿಷಕ್ಕೆ ಹಡಗು ಸ್ಫೋಟಿಸಿತು. ಸತ್ತವರು ಕನಿಷ್ಠ 581 ಜನ. ಬೆಂಕಿ ಆರಿಸಲು ಹತ್ತಿರ ಹೋಗಿದ್ದ ಊರಿನ ಅಗ್ನಿಶಾಮಕ ಪಡೆಯ ಬಹುತೇಕ ಎಲ್ಲರೂ ಸತ್ತುಹೋದರು. ನಿಮ್ಮ ಪಂಪ್ ರೂಮಿನ 50 ಕಿಲೋ ಡ್ರಮ್ಮಿಗೂ ಆ ಹಡಗಿಗೂ ಗಾತ್ರದಲ್ಲಿ ಹೋಲಿಕೆಯೇ ಇಲ್ಲ, ರಾಸಾಯನಿಕವೂ ಬೇರೆ. ಆದರೆ ‘ಮುಚ್ಚಳ ಬಿಗಿಯೋಣ’ ಎನ್ನುವ ಯೋಚನೆ ಎರಡೂ ಕಡೆ ಒಂದೇ.

ಈಗ ಆ ಕೆಂಪು ಸಿಲಿಂಡರ್ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಾನು ನೋಡಿದ ಹೆಚ್ಚುಕಮ್ಮಿ ಎಲ್ಲ ಪಂಪ್ ರೂಮುಗಳ ಬಾಗಿಲಲ್ಲೂ ಇದೇ ನೇತಾಡುತ್ತಿರುತ್ತದೆ. ಒಮ್ಮೆ ಅದರ ಮೈಮೇಲೆ ಬರೆದಿರುವುದನ್ನು ಓದಿ. ‘ಎಬಿಸಿ’ ಎಂದು ದಪ್ಪಕ್ಷರದಲ್ಲಿ ಇರುತ್ತದೆ. ಕೆಳಗೆ ಸಣ್ಣಕ್ಷರದಲ್ಲಿ ‘ಎಂಎಪಿ 50’ ಅಥವಾ ‘ಎಂಎಪಿ 90’ ಎಂದಿರುತ್ತದೆ. ಎಂಎಪಿ ಅಂದರೆ ಮೋನೋಅಮೋನಿಯಂ ಫಾಸ್ಫೇಟ್, ಅಮೋನಿಯಂ ಇರುವ ಒಂದು ಉಪ್ಪು. ಕಾಗದಕ್ಕೆ, ಪೆಟ್ರೋಲಿಗೆ, ವೈರಿಂಗ್ ಬೆಂಕಿಗೆ ಒಳ್ಳೆಯದು. ಪೂಲ್ ಕ್ಲೋರಿನ್ ಮೇಲೆ ಮಾತ್ರ ಅದನ್ನು ಹೊಡೆಯಲೇಬಾರದು. ಅಮೋನಿಯಂ ಮತ್ತು ಕ್ಲೋರಿನ್ ಬಿಡುವ ಪುಡಿ ಸೇರಿದರೆ ವಿಷಗಾಳಿ ಬರುತ್ತದೆ, ಜೊತೆಗೆ ನೈಟ್ರೋಜನ್ ಟ್ರೈಕ್ಲೋರೈಡ್ ಎಂಬ ಪದಾರ್ಥ ಹುಟ್ಟಬಹುದು. ಅದು ಸ್ವಲ್ಪ ತಟ್ಟಿದರೂ, ಬಿಸಿಯಾದರೂ ಸಿಡಿಯುವಂಥದ್ದು. ನಿಮ್ಮವರು ಪುಡಿ ಹೊಡೆದ ಮೇಲೆ ಪಟಪಟ ಸದ್ದು ಬಂದದ್ದು ಯಾವುದರಿಂದ ಎಂದು ಇಲ್ಲಿ ಕೂತು ಖಚಿತವಾಗಿ ಹೇಳಲಾಗದು, ಆದರೆ ಆ ಹೊತ್ತಿನಲ್ಲಿ ಎಲ್ಲರೂ ಹೊರಗೆ ಓಡಿದ್ದು ಬಹಳ ಒಳ್ಳೆಯದಾಯಿತು. ಸೆಕ್ಯುರಿಟಿಯವರನ್ನು ಬೈಯಬೇಡಿ. ಅವರಿಗೆ ತರಬೇತಿಯಲ್ಲಿ ಹೇಳಿಕೊಟ್ಟದ್ದೇ ಅದು. ನಮ್ಮ ಅಪಾರ್ಟ್‌ಮೆಂಟ್ ಡ್ರಿಲ್‌ಗಳಲ್ಲಿ ತಟ್ಟೆಯೊಂದಕ್ಕೆ ಡೀಸೆಲ್ ಸುರಿದು, ಹಚ್ಚಿ, ಎಬಿಸಿ ಪುಡಿ ಹೊಡೆದು, ಚಪ್ಪಾಳೆ ತಟ್ಟಿ, ಫೋಟೋ ತೆಗೆಸಿಕೊಂಡು ಮುಗಿಸುತ್ತಾರೆ. ಪಂಪ್ ರೂಮಿನ ಒಳಗೆ ಏನಿದೆ ಎಂದು ಯಾರೂ ಕೇಳುವುದಿಲ್ಲ.

ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಇದ್ದರೆ? ಅದರಿಂದ ಇಂಥ ಕೆಟ್ಟ ಪರಿಣಾಮ ಇಲ್ಲ, ಆದರೆ ಉಪಯೋಗವೂ ತೀರಾ ಕಡಿಮೆ. ಅದರ ಮುಖ್ಯ ಕೆಲಸ ಗಾಳಿ ತಪ್ಪಿಸುವುದು, ಆ ಬೆಂಕಿಗೆ ಬೇಕಿಲ್ಲದ್ದೇ ಗಾಳಿ. ನೊರೆಯೂ ಬೇಡ. ಶಾಖ ಎಳೆದುಕೊಳ್ಳುವುದು ಬೇಕು, ಅದಕ್ಕೆ ನೀರಿಗಿಂತ ಒಳ್ಳೆಯದಿಲ್ಲ.

ಹಾಗಾದರೆ ‘ನೀರು ತಾಗಿಸಬೇಡಿ’ ಎಂದು ಡ್ರಮ್ಮಿನ ಮೇಲೆ ಯಾಕೆ ಬರೆದಿದ್ದಾರೆ? ನಿಮ್ಮ ಕಮಿಟಿಯವರ ಅರ್ಧ ಸತ್ಯ ಇದೇ. ಸ್ವಲ್ಪ ನೀರು ಅಪಾಯ, ಬೇಕಾದಷ್ಟು ನೀರು ಮದ್ದು. ಡ್ರಮ್ಮಿನೊಳಗೆ ಒಂದು ಮಗ್ಗು ನೀರು ಬಿದ್ದರೆ ರಾಸಾಯನಿಕ ಕ್ರಿಯೆ ಶುರುವಾಗುತ್ತದೆ, ಆದರೆ ಹುಟ್ಟಿದ ಶಾಖವನ್ನು ಕೊಂಡೊಯ್ಯುವಷ್ಟು ನೀರು ಅಲ್ಲಿಲ್ಲ. ಒದ್ದೆಯಾದ ಪುಡಿ ಬಿಸಿಯಾಗುತ್ತದೆ, ಗ್ಯಾಸು ಬಿಡುತ್ತದೆ. ದೊಡ್ಡ ಡ್ರಮ್ಮಿನ ನಡುವೆ ಹುಟ್ಟಿದ ಶಾಖಕ್ಕೆ ಹೊರಗೆ ಬರಲು ದಾರಿಯೇ ಇರುವುದಿಲ್ಲ. ಅದಕ್ಕೇ ಬಕೆಟ್ಟಿನಲ್ಲಿ ನೀರು ತಂದು ಎರಚುವುದು, ಡ್ರಮ್ಮಿನೊಳಗೆ ಚೊಂಬು ನೀರು ಸುರಿಯುವುದು ಏನೂ ಮಾಡದೇ ಇರುವುದಕ್ಕಿಂತ ಕೆಟ್ಟದ್ದು. ಫೈರ್ ಎಂಜಿನ್ ಪೈಪಿನಿಂದ ಬರುವ ಪ್ರವಾಹವೇ ಬೇರೆ. ಅಷ್ಟು ನೀರು ಶಾಖವನ್ನೂ ಕೊಂಡೊಯ್ಯುತ್ತದೆ, ಪುಡಿಯನ್ನೂ ಕರಗಿಸಿ ತೆಳುಮಾಡುತ್ತದೆ, ಪಕ್ಕದ ಡ್ರಮ್ಮುಗಳನ್ನೂ ತಣ್ಣಗಿಡುತ್ತದೆ.

ಸ್ವಲ್ಪ ನೀರು ಏನು ಮಾಡಬಲ್ಲದು ಎನ್ನುವುದಕ್ಕೆ 2024ರ ಸೆಪ್ಟೆಂಬರ್ 29ರಂದು ಅಮೆರಿಕದ ಜಾರ್ಜಿಯಾ ರಾಜ್ಯದ ಕಾನ್ಯರ್ಸ್ ಊರಿನಲ್ಲಿ ನಡೆದದ್ದನ್ನು ನೋಡಿ. ಪೂಲ್ ರಾಸಾಯನಿಕಗಳ ದೊಡ್ಡ ಗೋದಾಮು ಅದು. ಒಳಗೆ ದಾಸ್ತಾನು ಒದ್ದೆಯಾಗಿ ಕ್ರಿಯೆ ಶುರುವಾಯಿತು, ಬೆಂಕಿ ಬಿತ್ತು, ಗೋದಾಮಿನ ಚಾವಣಿ ಕುಸಿಯಿತು. ಸುಮಾರು 17,000 ಜನರನ್ನು ಮನೆ ಬಿಡಿಸಬೇಕಾಯಿತು. ಇಡೀ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ಪ್ರದೇಶದ, ಜನಕ್ಕೆ ಕಿಟಕಿ ಬಾಗಿಲು ಹಾಕಿಕೊಂಡು ಒಳಗೇ ಇರಿ ಎಂದರು. ಕ್ಲೋರಿನ್ ವಾಸನೆ ದೂರದ ಅಟ್ಲಾಂಟಾ ಕಡೆಗೂ ಹೋಯಿತು. ಅಲ್ಲಿದ್ದ ಮುಖ್ಯ ಸರಕುಗಳಲ್ಲಿ ಒಂದು ಟ್ರೈಕ್ಲೋರ್, ಅಂದರೆ ನಮ್ಮ ಪೂಲಿನವರು ಟಿಸಿಸಿಎ ಎನ್ನುವ ಅದೇ ಬಿಳಿ ಮಾತ್ರೆ.

ಈಗ ನಿಮ್ಮ ಪಂಪ್ ರೂಮಿಗೆ ಬರೋಣ. ಹುಡುಗ ಹಳೇ ಪುಡಿಯನ್ನು ಹೊಸದಕ್ಕೆ ಸುರಿದ ಅಂದಿರಿ. ನನ್ನ ಅನುಮಾನ ಇಲ್ಲೇ. ಮಾರುಕಟ್ಟೆಯಲ್ಲಿ ಪೂಲ್ ಕ್ಲೋರಿನ್ ಅಂತ ಮುಖ್ಯವಾಗಿ ಎರಡು ಬಗೆ ಸಿಗುತ್ತವೆ. ಒಂದು ಕ್ಯಾಲ್ಸಿಯಂ ಹೈಪೋಕ್ಲೋರೈಟ್, ಹರಳು ಹರಳಾಗಿರುತ್ತದೆ, ಅದರಲ್ಲಿ ಸಿಗುವ ಕ್ಲೋರಿನ್ ಸಾಮಾನ್ಯವಾಗಿ 65ರಿಂದ 70 ಶೇಕಡಾ. ಇನ್ನೊಂದು ಟಿಸಿಸಿಎ, ಪುಡಿಯಾಗಿಯೂ ಮಾತ್ರೆಯಾಗಿಯೂ ಬರುತ್ತದೆ, ಸುಮಾರು 90 ಶೇಕಡಾ. ಎರಡೂ ಬಿಳಿ. ಎರಡಕ್ಕೂ ಒಂದೇ ವಾಸನೆ. ಎರಡನ್ನೂ ಎಲ್ಲರೂ ‘ಕ್ಲೋರಿನ್’ ಎಂದೇ ಕರೆಯುತ್ತಾರೆ. ಸಪ್ಲೈಯರ್ ಬದಲಾದಾಗ, ಅಥವಾ ಆ ತಿಂಗಳು ಯಾವುದು ಅಗ್ಗವೋ ಅದನ್ನು ತರಿಸಿದಾಗ, ಬಗೆ ಬದಲಾದದ್ದು ಯಾರಿಗೂ ಗೊತ್ತಾಗುವುದಿಲ್ಲ. ಈ ಎರಡು ಒಂದಕ್ಕೊಂದು ಸೇರಲೇಬಾರದು. ಸ್ವಲ್ಪ ತೇವ ಸಿಕ್ಕರೆ ಸಾಕು, ಬಿಸಿಯಾಗಿ, ಬೆಂಕಿ ಹತ್ತಿ, ಸಿಡಿಯಲೂಬಹುದು. ಒದ್ದೆ ಮಗ್ಗು ಆ ತೇವವನ್ನೂ ಕೊಟ್ಟಿದೆ. ಎರಡು ಡ್ರಮ್ಮಿನ ಲೇಬಲ್ ಫೋಟೋ ಇದ್ದರೆ ತೆಗೆದು ನೋಡಿ, ಹೆಸರು ಬೇರೆ ಬೇರೆ ಇದ್ದರೆ ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಮತ್ತೆ ಹೀಗಾದರೆ ಏನು ಮಾಡಬೇಕು? ಡ್ರಮ್ಮಿನಿಂದಲೇ ಹೊಗೆ ಬರುತ್ತಿದ್ದರೆ, ಡ್ರಮ್ಮು ಮುಟ್ಟಿದರೆ ಬಿಸಿ ಎನಿಸಿದರೆ, ಉಬ್ಬಿಕೊಂಡಿದ್ದರೆ, ಒಳಗಿನಿಂದ ಸೊಯ್ ಅನ್ನುವ ಸದ್ದು ಬಂದರೆ, ನಿಮ್ಮವರ ಕೆಲಸ ಹೊರಗೆ ಬರುವುದು ಅಷ್ಟೇ. ಡ್ರಮ್ಮನ್ನು ಹೊರಗೆ ಎಳೆದು ತರುವ ಸಾಹಸ ಬೇಡ. ಬಿಸಿಯಾದದ್ದನ್ನು ಅಲ್ಲಾಡಿಸಬಾರದು ಎನ್ನುವುದು ಅಗ್ನಿಶಾಮಕರ ಕೈಪಿಡಿಗಳಲ್ಲೇ ಇರುವ ಮಾತು. ಇನ್ನೂ ಡ್ರಮ್ಮಿಗೆ ಏನೂ ಆಗಿಲ್ಲ, ದೂರದ ಮೂಲೆಯ ರಟ್ಟಿನ ಪೆಟ್ಟಿಗೆಯೋ ಕಸವೋ ಉರಿಯುತ್ತಿದೆ ಅನ್ನಿ. ಆಗ ಬಾಗಿಲ ಹೊರಗೆ ನಿಂತು ಹೋಸ್ ರೀಲ್‌ನಿಂದ, ಅಂದರೆ ಬೆಂಕಿ ಆರಿಸಲು ಸುತ್ತಿಟ್ಟಿರುವ ನೀರಿನ ಪೈಪಿನಿಂದ, ಜೋರಾಗಿ ನೀರು ಹೊಡೆಯಬಹುದು. ಅದೂ ಓಡಿಹೋಗಲು ಬೆನ್ನ ಹಿಂದೆ ದಾರಿ ಇದ್ದರೆ, ವಾಸನೆ ಮೂಗಿಗೆ ಬಡಿಯುತ್ತಿಲ್ಲದಿದ್ದರೆ ಮಾತ್ರ. ಅನುಮಾನ ಬಂದರೆ ಬಿಟ್ಟು ಬನ್ನಿ.

ಎಷ್ಟು ದೂರ? ಪುಡಿ ಸುಮ್ನೆ ಚೆಲ್ಲಿದ್ದರೆ ಸುತ್ತ ಕನಿಷ್ಠ 25 ಮೀಟರ್, ದ್ರವವಾದರೆ 50 ಮೀಟರ್ ಖಾಲಿ ಮಾಡಿಸಿ ಎಂದು ಉತ್ತರ ಅಮೆರಿಕದ ಅಗ್ನಿಶಾಮಕರ ಕೈಪಿಡಿ ಹೇಳುತ್ತದೆ. ಜಾಸ್ತಿ ಚೆಲ್ಲಿದ್ದರೆ ಗಾಳಿ ಬೀಸುವ ದಿಕ್ಕಿಗೆ ಕನಿಷ್ಠ 100 ಮೀಟರ್. ಇಡೀ ಟ್ಯಾಂಕರ್ ಬೆಂಕಿಗೆ ಸಿಕ್ಕಿದ್ದರೆ 800 ಮೀಟರ್. ಹೊಗೆ ಎದ್ದ ಡ್ರಮ್ಮಿಗೆ ನಾನಾದರೆ 25ಕ್ಕೆ ನಿಲ್ಲುವುದಿಲ್ಲ. ನಿಲ್ಲುವ ಜಾಗ ಮಾತ್ರ ಗಾಳಿ ಬರುವ ಕಡೆಗಿರಲಿ, ಎತ್ತರದಲ್ಲಿರಲಿ. ಗಾಳಿ ಯಾವ ಕಡೆಗಿದೆ ಎಂದು ತಿಳಿಯಲು ಹೊಗೆಯನ್ನೇ ನೋಡಿ, ಇಲ್ಲವೇ ಕ್ಲಬ್‌ಹೌಸಿನ ಬಾವುಟ ನೋಡಿ.

ಎತ್ತರ ಯಾಕೆ ಅಂದರೆ ಕ್ಲೋರಿನ್ ಗ್ಯಾಸು ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಅದು ಮೇಲಕ್ಕೆ ಏರಿ ಹೋಗಿಬಿಡುವುದಿಲ್ಲ, ನೆಲ ಹಿಡಿದು ತಗ್ಗಿಗೆ ಹರಿಯುತ್ತದೆ. ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ತಗ್ಗು ಅಂದರೆ ಬೇಸ್‌ಮೆಂಟ್ ಪಾರ್ಕಿಂಗ್. ಗದ್ದಲ ಕೇಳಿ ಕಾರು ತೆಗೆಯಲು ಜನ ಕೆಳಗಿಳಿದರೆ ನೇರ ಗ್ಯಾಸಿನೊಳಕ್ಕೆ ಇಳಿದಂತೆ. ಸೆಕ್ಯುರಿಟಿಯವರ ಮೊದಲ ಕೆಲಸ ಬೇಸ್‌ಮೆಂಟ್ ದಾರಿ ಮತ್ತು ಲಿಫ್ಟು ತಡೆಯುವುದು, ಕೆಳಗಿರುವ ಡ್ರೈವರುಗಳನ್ನೂ ಹೌಸ್‌ಕೀಪಿಂಗ್‌ನವರನ್ನೂ ದೂರದ ರ್‍ಯಾಂಪಿನಿಂದ ಮೇಲೆ ಕಳಿಸುವುದು. ಅವರು ಮಧ್ಯಾಹ್ನದ ಊಟಕ್ಕೆ, ಒಂದಿಷ್ಟು ಕಣ್ಣು ಮುಚ್ಚಲು ಬೇಸ್‌ಮೆಂಟಿನಲ್ಲೇ ಇರುತ್ತಾರೆ, ಅವರನ್ನು ಯಾವ ವಾಟ್ಸಾಪ್ ಗ್ರೂಪಿಗೂ ಯಾರೂ ಸೇರಿಸಿರುವುದಿಲ್ಲ. ಮೇಲಿನ ಮಹಡಿಗಳಲ್ಲಿ ಇರುವವರ ಮಾತೇ ಬೇರೆ. ಪಂಪ್ ರೂಮ್ ಪ್ರತ್ಯೇಕ ಕಟ್ಟಡದಲ್ಲಿದ್ದು ಟವರಿಗೆ ಬೆಂಕಿಯ ಭಯ ಇಲ್ಲದಿದ್ದರೆ, ಅವರು ಮನೆಯಲ್ಲೇ ಕಿಟಕಿ ಬಾಗಿಲು ಮುಚ್ಚಿಕೊಂಡು, ಎಸಿ ಮತ್ತು ಎಕ್ಸಾಸ್ಟ್ ಫ್ಯಾನ್ ಆರಿಸಿ ಇರುವುದು ಕ್ಷೇಮ. ಎಲ್ಲರನ್ನೂ ಮೆಟ್ಟಿಲಿಳಿಸಿ ಪೂಲ್ ಪಕ್ಕದ ಅಸೆಂಬ್ಲಿ ಪಾಯಿಂಟಿಗೆ ತಂದು ನಿಲ್ಲಿಸುವ ಯೋಜನೆ ನಿಮ್ಮಲ್ಲಿದ್ದರೆ ಇವತ್ತೇ ಬದಲಾಯಿಸಿ. ಪಂಪ್ ರೂಮ್ ಟವರಿನ ಕೆಳಗೇ ಇದ್ದರೆ ಯಾವ ಮೆಟ್ಟಿಲು ಸುರಕ್ಷಿತ ಎಂದು ಈಗಲೇ ಅಗ್ನಿಶಾಮಕ ಇಲಾಖೆಯವರನ್ನು ಕರೆಸಿ ತೋರಿಸಿ ಕೇಳಿ, ಆ ದಿನ ಕೇಳಲು ಸಮಯ ಇರುವುದಿಲ್ಲ.

ಮಾಸ್ಕ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಕೊರೋನಾ ಕಾಲದ ಎನ್95 ಮಾಸ್ಕ್ ಧೂಳನ್ನು ತಡೆಯುತ್ತದೆ, ಗ್ಯಾಸನ್ನು ತಡೆಯುವುದಿಲ್ಲ. ಮೂಗಿಗೆ ಒದ್ದೆ ಬಟ್ಟೆ ಹಿಡಿದುಕೊಂಡು ಹೊರಗೆ ಓಡಬಹುದು. ಅದನ್ನು ನಂಬಿಕೊಂಡು ಒಳಗೆ ಹೋಗುವಂತಿಲ್ಲ. ಒಳಗೆ ಯಾರಾದರೂ ಬಿದ್ದಿದ್ದರೂ ಉಸಿರಾಟದ ಸಿಲಿಂಡರ್ ಇಲ್ಲದೆ ಹೋದವರು ಅವರ ಪಕ್ಕದಲ್ಲೇ ಬೀಳುತ್ತಾರೆ. ಮ್ಯಾನ್‌ಹೋಲ್ ಸಾವುಗಳ ಸುದ್ದಿ ಓದುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೊರಗೆ ಬಂದ ಕೂಡಲೇ 112ಕ್ಕೆ ಫೋನ್ ಮಾಡಿ. ಈ ಫೋನಿನಲ್ಲಿ ಏನು ಹೇಳುತ್ತೀರಿ ಎನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ. ‘ಪಂಪ್ ರೂಮಿನಲ್ಲಿ ಬೆಂಕಿ, ಬೇಗ ಬನ್ನಿ’ ಅಂದರೆ ಅವರು ಮೋಟರ್ ಸುಟ್ಟಿದೆ, ವೈರಿಂಗ್ ಶಾರ್ಟ್ ಆಗಿದೆ ಎಂದುಕೊಂಡು ಬರುತ್ತಾರೆ. ‘ಸ್ವಿಮ್ಮಿಂಗ್ ಪೂಲ್ ರಾಸಾಯನಿಕ, ಆಕ್ಸಿಡೈಸರ್, ಹೆಸರು ಇಂಥದ್ದು, ಇಷ್ಟು ಡ್ರಮ್ಮು, ಪಕ್ಕದಲ್ಲಿ ಆಸಿಡ್ ಕ್ಯಾನು ಇದೆ, ಎಬಿಸಿ ಪುಡಿ ಹೊಡೆದುಬಿಟ್ಟಿದ್ದೇವೆ’ ಅಂದರೆ ಅವರ ತಯಾರಿಯೇ ಬೇರೆ. ಡ್ರಮ್ಮಿನ ಮೇಲೆ ‘ಯುಎನ್’ ಎಂದು ಬರೆದು ನಾಲ್ಕಂಕಿಯ ಸಂಖ್ಯೆ ಇರುತ್ತದೆ, ಅದನ್ನೂ ಹೇಳಿ. ಒಣ ಕ್ಯಾಲ್ಸಿಯಂ ಹೈಪೋಕ್ಲೋರೈಟ್‌ಗೆ 1748, ತೇವಾಂಶ ಇರುವ ಬಗೆಗೆ 2880, ಟಿಸಿಸಿಎಗೆ 2468. ಕ್ಯಾನಿನಲ್ಲಿ ಬರುವ ದ್ರವ ಹೈಪೋಗೆ, ಅಂದರೆ ಸೋಡಿಯಂ ಹೈಪೋಕ್ಲೋರೈಟ್‌ಗೆ, 1791. ಸಾಗಣೆಯ ಲೇಬಲ್ ಇದ್ದರೆ ಹಳದಿ ಬಣ್ಣದ ವಜ್ರಾಕಾರದಲ್ಲಿ, ಒಂದು ವೃತ್ತದ ಮೇಲೆ ಜ್ವಾಲೆಯ ಚಿತ್ರ, ಕೆಳಗೆ 5.1 ಎಂದು ಇರುತ್ತದೆ. ಬೆಂಕಿಯ ಹೊತ್ತಿನಲ್ಲಿ ಒಳಗೆ ಹೋಗಿ ಲೇಬಲ್ ಓದಲಾಗುವುದಿಲ್ಲ ಅಲ್ವಾ? ಅದಕ್ಕೇ ಈ ವಿವರವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಮೇನ್ ಗೇಟಿನ ಸೆಕ್ಯುರಿಟಿ ಕ್ಯಾಬಿನ್ನಿನಲ್ಲಿ ಅಂಟಿಸಿಡಿ. ಸಪ್ಲೈಯರ್ ಕೊಡುವ ಸೇಫ್ಟಿ ಡೇಟಾ ಶೀಟ್ ಕೂಡ ಅಲ್ಲೇ ಇರಲಿ. ಬಹಳ ಕಡೆ ಅದನ್ನು ಪಂಪ್ ರೂಮಿನ ಒಳಗಿನ ಗೋಡೆಗೇ ಲ್ಯಾಮಿನೇಟ್ ಮಾಡಿ ಹಾಕಿರುತ್ತಾರೆ, ಬೆಂಕಿ ಬಂದು ಓದಿಕೊಳ್ಳಲಿ ಅನ್ನುವ ಹಾಗೆ.

ಹೆಸರು ಹೇಳದಿದ್ದರೆ ಏನಾಗುತ್ತದೆ ಎನ್ನುವುದು ನಮ್ಮ ನೆರೆಯ ಬಾಂಗ್ಲಾದೇಶದಲ್ಲಿ 2022ರ ಜೂನ್ 4ರ ರಾತ್ರಿ ಗೊತ್ತಾಯಿತು. ಚಿತ್ತಗಾಂಗ್ ಹತ್ತಿರದ ಸೀತಾಕುಂಡದ ಒಂದು ಕಂಟೇನರ್ ಡಿಪೋದಲ್ಲಿ ಬೆಂಕಿ ಬಿತ್ತು. ಅಗ್ನಿಶಾಮಕರು ಮಾಮೂಲಿ ಬೆಂಕಿ ಎಂದುಕೊಂಡು ಹತ್ತಿರದಿಂದಲೇ ಆರಿಸುತ್ತಿದ್ದರು. ಕೆಲವು ಕಂಟೇನರುಗಳಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಇದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅದು ಸ್ಫೋಟಿಸಿತು. ಹತ್ತಾರು ಜನ ಸತ್ತರು, ಅವರಲ್ಲಿ ಹಲವರು ಅಗ್ನಿಶಾಮಕರೇ. ನೀರು ಹೊಡೆದದ್ದು ತಪ್ಪು ಎಂದು ಆಗ ಕೆಲವರು ಬರೆದರು. ನನ್ನ ಪ್ರಕಾರ ಅಲ್ಲಿ ಮೊದಲ ತಪ್ಪು ನೀರಿನದ್ದಲ್ಲ. ಒಳಗೇನಿದೆ ಎಂದು ಗೊತ್ತಿದ್ದರೆ ಅವರು ಅಷ್ಟು ಹತ್ತಿರ ನಿಲ್ಲುತ್ತಲೇ ಇರಲಿಲ್ಲ.

ಇನ್ನು ಕೆಮ್ಮು ಬಂದ ಇಬ್ಬರ ವಿಷಯ. ಅವರು ಈಗ ಚೆನ್ನಾಗಿರಬಹುದು, ಆದರೆ ಮುಂದಿನ ಸಲಕ್ಕೆ ತಿಳಿದಿರಲಿ. ಕ್ಲೋರಿನ್ ಗ್ಯಾಸನ್ನು ಉಸಿರಿನಲ್ಲಿ ಎಳೆದುಕೊಂಡವರು ಹೊರಗೆ ಬಂದು ಹತ್ತು ನಿಮಿಷಕ್ಕೆ ‘ಏನಿಲ್ಲ, ಸರಿಹೋಯಿತು’ ಅನ್ನುತ್ತಾರೆ. ಜಾಸ್ತಿ ಎಳೆದುಕೊಂಡಿದ್ದರೆ ಕೆಲವು ಗಂಟೆಗಳ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ರಾತ್ರಿ ಮಲಗಿದ ಮೇಲೆ ಉಸಿರು ಕಟ್ಟುವುದು ಹೀಗೆ. ಆದ್ದರಿಂದ ಕೆಮ್ಮು, ಎದೆ ಬಿಗಿತ ಇದ್ದವರನ್ನು 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಕಳಿಸಿ, ಅಸ್ತಮಾ ಇದ್ದವರನ್ನಂತೂ ತಪ್ಪದೇ ಕಳಿಸಿ. ಅಲ್ಲಿಯವರೆಗೆ ಮಲಗಿಸಬೇಡಿ, ಬೆನ್ನಿಗೆ ಒರಗು ಕೊಟ್ಟು ಕೂರಿಸಿ, ಓಡಾಡಿಸಬೇಡಿ. ಕಣ್ಣಿಗೆ ಬಿದ್ದಿದ್ದರೆ ರೆಪ್ಪೆ ಬಿಡಿಸಿ ಹರಿಯುವ ನೀರಿನಲ್ಲಿ ಕನಿಷ್ಠ 15ರಿಂದ 20 ನಿಮಿಷ ತೊಳೆಯಿರಿ. ಉರಿ ನಿಂತಿತು ಎಂದು ನಡುವೆ ಬಿಡಬೇಡಿ. ಹಾಲು, ನಿಂಬೆರಸ, ವಿನೆಗರ್, ಯಾವ ಮನೆಮದ್ದೂ ಬೇಡ. ಹುಳಿ ಅಂದರೆ ಆಸಿಡ್ಡೇ, ಅದು ಈ ಪುಡಿಗೆ ತಾಗಿದರೆ ಮತ್ತೆ ಕ್ಲೋರಿನ್ ಬರುತ್ತದೆ. ಯಾರಾದರೂ ನುಂಗಿದ್ದರೆ ವಾಂತಿ ಮಾಡಿಸಬೇಡಿ.

ಬಟ್ಟೆಯನ್ನು ಯಾರೂ ನೆನಪಿಡುವುದಿಲ್ಲ. ಪುಡಿ ಅಥವಾ ದ್ರವ ಬಿದ್ದ ಯೂನಿಫಾರ್ಮನ್ನು ಕೂಡಲೇ ಬಿಚ್ಚಿಸಿ, ಬೇಕಾದಷ್ಟು ನೀರಿನಲ್ಲಿ ಜಾಲಾಡಿಸಿ, ತುಂಬಿದ ಬಕೆಟ್ಟಿನಲ್ಲೇ ಮುಳುಗಿಸಿಡಿ. ಹತ್ತಿ ಬಟ್ಟೆ ಆಕ್ಸಿಡೈಸರನ್ನು ಹೀರಿಕೊಂಡು ಒಣಗಿದರೆ ಬೀಡಿಯ ಕಿಡಿಗೂ ಭಗ್ ಎಂದು ಹತ್ತಿಕೊಳ್ಳುತ್ತದೆ. ಅದನ್ನು ತೊಟ್ಟವರು ಯಾರೋ, ಹೊತ್ತಿಕೊಳ್ಳುವುದು ಎಲ್ಲೋ.

ಇದೇ ಕಾರಣಕ್ಕೆ ಚೆಲ್ಲಿದ ಪುಡಿಯನ್ನು ಬಟ್ಟೆಯಲ್ಲಿ ಒರೆಸಬಾರದು. ನಮ್ಮಲ್ಲಿ ಏನು ಚೆಲ್ಲಿದರೂ ಮೊದಲು ಸುರಿಯುವುದು ಮರದ ಹೊಟ್ಟು, ಅದಿಲ್ಲದಿದ್ದರೆ ಬನಿಯನ್ ವೇಸ್ಟು, ಹಳೇ ಪೇಪರು, ಗೋಣಿಚೀಲ. ಡೀಸೆಲ್ಲಿಗೆ ಸರಿ, ಇದಕ್ಕೆ ಅಲ್ಲ. ಗುಡಿಸಿದ್ದನ್ನು ಎಲೆ, ಕಾಗದ, ಎಣ್ಣೆ ಚಿಂದಿ ಇರುವ ಕಸದ ಡಬ್ಬಕ್ಕೆ ಹಾಕಿ ಮನೆಗೆ ಹೋದರೆ ಅದು ಒಳಗೊಳಗೇ ಬಿಸಿಯಾಗಿ ನಡುರಾತ್ರಿಯಲ್ಲಿ ಹತ್ತಿಕೊಳ್ಳುತ್ತದೆ. ಆಗ ಎಲ್ಲರೂ ಯಾರೋ ಸಿಗರೇಟು ಎಸೆದರು ಎನ್ನುತ್ತಾರೆ. ಒಂದೆರಡು ಕಿಲೋ ಪುಡಿ ಚೆಲ್ಲಿದೆ, ಒಣಗಿದೆ, ಹೊಗೆ ಇಲ್ಲ, ಬೇರೆ ಯಾವುದರ ಜೊತೆಯೂ ಸೇರಿಲ್ಲ ಅನ್ನಿ. ಕೈಗೆ ರಬ್ಬರ್ ಗ್ಲೌಸು, ಕಣ್ಣಿಗೆ ಗಾಗಲ್ಸು ಹಾಕಿಕೊಂಡು, ಒಣಗಿದ ಸ್ವಚ್ಛ ಪ್ಲಾಸ್ಟಿಕ್ ಸಲಿಕೆಯಲ್ಲಿ ಎತ್ತಿ ಒಣಗಿದ ಸ್ವಚ್ಛ ಪ್ಲಾಸ್ಟಿಕ್ ಬಕೆಟ್ಟಿಗೆ ಹಾಕಿ. ಮೇಲೆ ಸಡಿಲವಾಗಿ ಏನಾದರೂ ಮುಚ್ಚಿ, ಬಿಗಿಯಬೇಡಿ, ಗ್ಯಾಸು ಬಂದರೆ ಹೊರಹೋಗಲಿ. ಬಕೆಟ್ಟನ್ನು ನೆರಳಿನ ಬಯಲಿನಲ್ಲಿಡಿ. ಎತ್ತಿದ್ದನ್ನು ಮತ್ತೆ ಡ್ರಮ್ಮಿಗೆ ಸುರಿಯಬಾರದು. ಉಳಿಸೋಣ ಅನ್ನುವ ಆಸೆ ಆಗುತ್ತದೆ, ಡ್ರಮ್ಮಿನ ಬೆಲೆ ಕಡಿಮೆಯಲ್ಲ. ಆದರೆ ನೆಲದ ಮೇಲಿನ ಗ್ರೀಸು, ಮಣ್ಣು, ತರಗೆಲೆ ಜೊತೆಗೇ ಒಳಗೆ ಹೋಗುತ್ತದೆ.

ಬೆಂಕಿ ಆರಿದ ಮೇಲೂ ಆ ರೂಮಿಗೆ ಬೀಗ ಹಾಕಿಬಿಡಬೇಡಿ. ಒದ್ದೆಯಾಗಿ ಉಳಿದ ಪುಡಿ ಗಂಟೆಗಟ್ಟಲೆ ಗ್ಯಾಸು ಬಿಡುತ್ತಿರುತ್ತದೆ, ಮತ್ತೆ ಬಿಸಿಯಾಗುವುದೂ ಉಂಟು. ಹೊಡೆದ ನೀರು ಎಲ್ಲಿಗೆ ಹೋಗುತ್ತದೆ ಎಂದು ನೋಡಿ. ಅದರಲ್ಲಿ ಕ್ಲೋರಿನ್ ತುಂಬಿರುತ್ತದೆ. ಎಸ್‌ಟಿಪಿಗೆ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕಕ್ಕೆ, ಹೋದರೆ ಅಲ್ಲಿನ ಬ್ಯಾಕ್ಟೀರಿಯಾ ಸತ್ತು ಪ್ಲಾಂಟು ಕೆಲವು ದಿನ ಕೆಲಸ ಮಾಡುವುದಿಲ್ಲ. ಮಳೆನೀರಿನ ಚರಂಡಿಗೆ ಹೋದರೆ ರಾಜಕಾಲುವೆ ಹಿಡಿದು ಕೆರೆಗೆ ಹೋಗುತ್ತದೆ, ಮೀನು ಸಾಯುತ್ತವೆ. ಚರಂಡಿ ಬಾಯಿಗೆ ಮರಳಿನ ಚೀಲ ಅಡ್ಡ ಇಟ್ಟು ತಡೆಯಬಹುದು. ನಿಮ್ಮ ಮರಳಿನ ಬಕೆಟ್ಟುಗಳಿಗೆ ಇಲ್ಲಿ ಒಂದು ಕೆಲಸ ಸಿಕ್ಕಿತು. ಆದರೆ ಗ್ಯಾಸು ಇರುವ ಕಡೆ ಅದಕ್ಕಾಗಿ ಯಾರನ್ನೂ ಕಳಿಸಬೇಡಿ.

ಸಂಗ್ರಹದ ಬಗ್ಗೆ ನೀವು ಕೇಳಿಲ್ಲ, ಆದರೂ ಎರಡು ಮಾತು. ಪೂಲಿನ ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) ಇಳಿಸಲು ಹಾಕುವ ಆಸಿಡ್ ಕ್ಯಾನು ಅದೇ ರೂಮಿನಲ್ಲಿ, ಕ್ಲೋರಿನ್ ಡ್ರಮ್ಮಿನ ಮೇಲಿನ ಶೆಲ್ಫಿನಲ್ಲೇ ಇರುತ್ತದೆ. ನಿಮ್ಮಲ್ಲೂ ಹಾಗೇ ಇರಬಹುದು. ಸೋರಿದರೆ ಬೆಂಕಿಯೇ ಬೇಕಿಲ್ಲ, ರೂಮು ತುಂಬಾ ಕ್ಲೋರಿನ್. ಅದನ್ನು ಬೇರೆ ರೂಮಿಗೆ ಹಾಕಿ. ಜನರೇಟರ್ ಡೀಸೆಲ್, ಪೇಂಟು, ಥಿನ್ನರ್ ಕೂಡ ಆಚೆ ಹೋಗಲಿ. ಡ್ರಮ್ಮಿನ ಅಡಿ ಮರದ ಹಲಗೆ ಬೇಡ, ಪ್ಲಾಸ್ಟಿಕ್ ಪ್ಯಾಲೆಟ್ ಇರಲಿ. ಪ್ರತಿ ರಾಸಾಯನಿಕಕ್ಕೂ ಬೇರೆ ಮಗ್ಗು, ಸದಾ ಒಣಗಿರಬೇಕು. ಪುಡಿಯನ್ನು ನೀರಿಗೆ ಹಾಕಬೇಕು, ನೀರನ್ನು ಪುಡಿಗೆ ಹಾಕಬಾರದು. ಟಿಸಿಸಿಎ, ಕ್ಯಾಲ್ಸಿಯಂ ಹೈಪೋ ಎರಡರಲ್ಲಿ ಒಂದನ್ನೇ ಆರಿಸಿಕೊಂಡು ಅದನ್ನೇ ತರಿಸಿ. ಎಬಿಸಿ ಸಿಲಿಂಡರನ್ನು ಆ ಬಾಗಿಲಿನಿಂದ ತೆಗೆದು ಬೇರೆ ಕಡೆ ಹಾಕಿ, ಅದರ ಜಾಗಕ್ಕೆ ಹೋಸ್ ರೀಲ್ ತಲುಪುವಂತೆ ಮಾಡಿ.

ಕೊನೆಗೆ ಗಟ್ಟಿಯಾಗಿ ಕೂತಿರುವ ಆ ಹಳೇ ಡ್ರಮ್ಮು. ಗಟ್ಟಿಯಾಗಿದೆ ಅಂದರೆ ಒಳಗೆ ತೇವ ಹೋಗಿದೆ ಎಂದೇ ಅರ್ಥ. ಕಬ್ಬಿಣದ ಸರಳಿನಿಂದ ಕುಟ್ಟಿ ಒಡೆಯುವುದು, ನೀರು ಹಾಕಿ ನೆನೆಸುವುದು, ಎರಡೂ ಬೇಡ. ಪಾಲಿಕೆ ಕಸದ ಗಾಡಿಗೆ ಕೊಡಬೇಡಿ, ಕಾಂಪ್ಯಾಕ್ಟರಿನಲ್ಲಿ ಬೇರೆ ಕಸದ ಜೊತೆ ಅದುಮಿದಾಗ ಬೆಂಕಿ ಹತ್ತಿದರೆ ಪೌರಕಾರ್ಮಿಕರ ಗತಿ ಏನು? ಗುಜರಿಯವನಿಗೂ ಬೇಡ. ಮೊದಲು ಸಪ್ಲೈಯರ್‌ಗೆ ಫೋನ್ ಮಾಡಿ ವಾಪಸ್ ತೆಗೆದುಕೊಳ್ಳಲು ಹೇಳಿ. ಒಪ್ಪದಿದ್ದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಬರೆದು ಕೇಳಿ. ಅಪಾಯಕಾರಿ ತ್ಯಾಜ್ಯವನ್ನು ವಿಲೇವಾರಿ ಮಾಡುವ ಘಟಕ ದಾಬಸ್‌ಪೇಟೆಯಲ್ಲಿದೆ, ಅಲ್ಲಿಗೆ ಸಾಗಿಸಲು ಅನುಮತಿ ಇರುವ ವಾಹನದವರನ್ನು ಮಂಡಳಿಯವರೇ ಹೇಳುತ್ತಾರೆ. ಅಲ್ಲಿಯವರೆಗೆ ಡ್ರಮ್ಮು ಬಿಸಿಯಿಲ್ಲ, ಉಬ್ಬಿಲ್ಲ ಎಂದು ಖಾತ್ರಿ ಇದ್ದರೆ ಮಾತ್ರ ಇಬ್ಬರು ನಿಧಾನವಾಗಿ ಎತ್ತಿ ಹೊರಗೆ ತನ್ನಿ. ಮಳೆ ಬಿಸಿಲು ಬೀಳದ, ಗಾಳಿಯಾಡುವ, ಮಕ್ಕಳು ಹೋಗದ ಶೆಡ್ಡಿನಲ್ಲಿ ಒಂಟಿಯಾಗಿ ಇಡಿ. ಮುಚ್ಚಳ ಸಡಿಲವಾಗಿರಲಿ. ಬಿಸಿ ಅನ್ನಿಸಿದರೆ ಮುಟ್ಟಬೇಡಿ, ಹೊಗೆ ಬರುವವರೆಗೆ ಕಾಯಲೂ ಬೇಡಿ, ಆಗಲೇ 112ಕ್ಕೆ ಫೋನ್ ಮಾಡಿ.